ಗುಟ್ಟಿನ ಉಪಗ್ರಹದ ಜಾಡು ಹಿಡಿಯುವುದು ಹೇಗೆ?

ಎಪ್ಪತ್ತು ಮೀಟರ್ ಎತ್ತರದ ರಾಕೆಟ್ಟನ್ನು ಬಚ್ಚಿಡೋದು ಯಾರ ಕೈಲೂ ಆಗುವುದಿಲ್ಲ. ಅಮೆರಿಕದ ಬೇಹುಗಾರಿಕೆ ಉಪಗ್ರಹಗಳನ್ನು ನೋಡಿಕೊಳ್ಳುವ ನ್ಯಾಷನಲ್ ರಿಕಾನಸನ್ಸ್ ಆಫೀಸ್, ಅಂದರೆ ಎನ್‌ಆರ್‌ಓ, ಬಚ್ಚಿಡುವ ಗೋಜಿಗೇ ಹೋಗುವುದಿಲ್ಲ. ಉಡಾವಣೆಯ ದಿನ ಹೇಳುತ್ತದೆ, ನೇರ ಪ್ರಸಾರವನ್ನೂ ಕೊಡುತ್ತದೆ. ಆದರೆ ರಾಕೆಟ್ಟಿನ ಮೂತಿಯ ಕವಚ ಕಳಚಿ ಬಿದ್ದ ಸ್ವಲ್ಪ ಹೊತ್ತಿಗೆ ಪ್ರಸಾರ ಬಂದ್. ಒಳಗಿದ್ದದ್ದೇನು, ಹೋದದ್ದೆಲ್ಲಿಗೆ? ಅದನ್ನು ಮಾತ್ರ ಕೇಳಬಾರದು.

ಕೇಳದೆಯೇ ಕಂಡುಹಿಡಿಯುವ ಹವ್ಯಾಸಿಗಳು ನೆದರ್ಲೆಂಡ್ಸ್, ಕೆನಡಾ, ಬ್ರಿಟನ್, ಫಿನ್ಲೆಂಡ್ ಹೀಗೆ ಹಲವು ಕಡೆ ಇದ್ದಾರೆ. ಅವರ ಹತ್ತಿರ ರಾಡಾರ್ ಇಲ್ಲ. ಬೈನಾಕ್ಯುಲರ್, ಕ್ಯಾಮೆರಾ, ಒಂದು ಸರಿಯಾದ ಗಡಿಯಾರ ಮತ್ತು ಹೈಸ್ಕೂಲಿನಲ್ಲಿ ನಾವೆಲ್ಲ ಬೈದುಕೊಂಡು ಕಲಿತ ಸೈನ್, ಕೊಸೈನ್ ಅಷ್ಟೇ. ಕೆಲಸ ಹೇಗೆ ನಡೆಯುತ್ತದೆ ಎಂದು ತೋರಿಸಲು ಒಂದೇ ಉಡಾವಣೆಯನ್ನು ಹಿಡಿದುಕೊಳ್ಳೋಣ: ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್ ನೆಲೆಯಿಂದ ಹೋದ ಎನ್‌ಆರ್‌ಓಎಲ್-71. ಅದನ್ನೇ ಆರಿಸಿಕೊಳ್ಳಲು ಕಾರಣವಿದೆ. ಅಲ್ಲಿ ಪಳಗಿದವರ ಊಹೆಯೂ ಮೊದಲು ತಪ್ಪಿತ್ತು.

ಮೊದಲು: ಯಾವ ರಾಕೆಟ್, ಯಾವ ಊರು?

ಆ ಸಲದ ರಾಕೆಟ್ ಡೆಲ್ಟಾ 4 ಹೆವಿ. ವ್ಯಾಂಡನ್‌ಬರ್ಗ್‌ನಿಂದ ಅದು ಹಿಂದೆ ಎರಡೇ ಸಲ ಹಾರಿತ್ತು, 2011ರ ಜನವರಿಯಲ್ಲಿ ಮತ್ತು 2013ರ ಆಗಸ್ಟ್‌ನಲ್ಲಿ. ಎರಡು ಸಲವೂ ಹೋದದ್ದು ಕೆಎಚ್-11 ಜಾತಿಯ ಕ್ಯಾಮೆರಾ ಉಪಗ್ರಹ ಎಂಬುದು ಹವ್ಯಾಸಿಗಳ ತೀರ್ಮಾನ. ಇವು ಧ್ರುವಗಳ ಹತ್ತಿರದಿಂದ ಹಾದು, ಒಂದು ಜಾಗದ ಮೇಲೆ ದಿನವೂ ಹೆಚ್ಚೂಕಡಿಮೆ ಅದೇ ಹೊತ್ತಿಗೆ ಬರುವಂಥ ಕಕ್ಷೆಯಲ್ಲಿ ಸುತ್ತುತ್ತವೆ. ಸಮಭಾಜಕಕ್ಕೆ ಆ ಕಕ್ಷೆಯ ವಾಲು ಸುಮಾರು 98 ಡಿಗ್ರಿ. ಮೂರನೆಯದೂ ಅದೇ ಇರಬೇಕು ಎಂದುಕೊಂಡರು. ನಾವಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆವು, ಅಲ್ವಾ?

ಉಡಾವಣೆಗೆಂದು ಎನ್‌ಆರ್‌ಓ ಬಿಡಿಸುವ ಲಾಂಛನಗಳನ್ನು ನೋಡಿ ಊಹೆ ಮಾಡುವವರೂ ಇದ್ದಾರೆ. 2013ರ ಡಿಸೆಂಬರ್‌ನಲ್ಲಿ ಭೂಮಿಯನ್ನು ತಬ್ಬಿಕೊಂಡ ಆಕ್ಟೋಪಸ್ ಬಂದಿತ್ತು. ಮಜಾ ಇದೆ, ನೋಡಿ. ಆದರೆ ಅದನ್ನು ನೆಚ್ಚಿಕೊಂಡು ಲೆಕ್ಕ ಹಾಕಬೇಡಿ.

ಆಮೇಲೆ: ಹಡಗಿನವರಿಗೆ ಹೇಳಿದ್ದನ್ನು ನಾವೂ ಓದುವುದು

ಇಡೀ ಆಟದ ಬೀಗದ ಕೈ ಇಲ್ಲಿದೆ. ರಾಕೆಟ್ಟಿನ ತುಂಡುಗಳು ಸಮುದ್ರಕ್ಕೆ ಬೀಳುತ್ತವೆ. ಕೆಳಗೆ ಹಡಗುಗಳಿರುತ್ತವೆ, ಮೇಲೆ ವಿಮಾನಗಳಿರುತ್ತವೆ. ಉಪಗ್ರಹ ಎಷ್ಟೇ ಗುಟ್ಟಿನದಾಗಲಿ, ಮೀನು ಹಿಡಿಯಲು ಹೋದವನ ತಲೆ ಮೇಲೆ ಬೂಸ್ಟರ್ ಬೀಳಿಸುವಂತಿಲ್ಲ. ಹಾಗಾಗಿ ವಿಮಾನಗಳಿಗೆ ನೋಟಾಮ್ ಎಂಬ ಸೂಚನೆ, ಹಡಗುಗಳಿಗೆ ಸಮುದ್ರ ಎಚ್ಚರಿಕೆ ಹೊರಡುತ್ತದೆ. ತಮಾಷೆ ಎಂದರೆ, ಅಮೆರಿಕದಲ್ಲಿ ಈ ಸಮುದ್ರ ಎಚ್ಚರಿಕೆ ಕೊಡುವುದು ನ್ಯಾಷನಲ್ ಜಿಯೋಸ್ಪೇಶಿಯಲ್ ಇಂಟೆಲಿಜೆನ್ಸ್ ಏಜೆನ್ಸಿ. ಬೇಹು ಉಪಗ್ರಹಗಳು ತೆಗೆದ ಚಿತ್ರಗಳನ್ನು ಕೂತು ನೋಡುವ ಸಂಸ್ಥೆಯೂ ಅದೇ!

ಎಚ್ಚರಿಕೆಯಲ್ಲಿ ಉಪಗ್ರಹದ ಮಾತೇ ಇರುವುದಿಲ್ಲ. ಅಪಾಯಕಾರಿ ಕೆಲಸ, ರಾಕೆಟ್ ಉಡಾವಣೆ ಎಂದಷ್ಟೇ ಬರೆದು, ದಿನ ಮತ್ತು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಗಡಿಯಾರದ) ಸಮಯ ಕೊಟ್ಟು, ಕೆಳಗೆ ಒಂದೊಂದು ಪ್ರದೇಶದ ಮೂಲೆಗಳ ಅಕ್ಷಾಂಶ ರೇಖಾಂಶ ಕೊಟ್ಟಿರುತ್ತಾರೆ. ಆ ಮೂಲೆಗಳನ್ನು ಗೂಗಲ್ ಅರ್ಥ್‌ನಲ್ಲಿ ಗುರುತು ಹಾಕಿ. ಉದ್ದನೆಯ ಚೌಕಗಳು ಮೂಡುತ್ತವೆ. ತೀರಕ್ಕೆ ಹತ್ತಿರದ್ದು ಪಕ್ಕದ ಬೂಸ್ಟರ್‌ಗಳಿಗೆ. ಅದರಾಚೆಯದು ನಡುವಿನ ಹಂತಕ್ಕೆ ಮತ್ತು ಕವಚಕ್ಕೆ. ಎಲ್ಲೋ ದೂರದ ಸಾಗರದಲ್ಲಿ ಇನ್ನೊಂದಿದ್ದರೆ, ಕೆಲಸ ಮುಗಿಸಿದ ಮೇಲಿನ ಹಂತವನ್ನು ಅಲ್ಲಿ ಬೀಳಿಸುತ್ತಾರೆ ಎಂದರ್ಥ. ಈಗ ಉಡಾವಣಾ ಕಟ್ಟೆಯಿಂದ ಈ ಚೌಕಗಳ ನಡುವೆ ಒಂದು ಗೆರೆ ಎಳೆಯಿರಿ. ರಾಕೆಟ್ ಹೋಗುವ ದಾರಿ ಅದೇ.

ಆ ಗೆರೆ ಉತ್ತರದಿಂದ ಬಲಕ್ಕೆ ಎಷ್ಟು ಡಿಗ್ರಿ ತಿರುಗಿದೆ ಎಂದು ಅಳೆಯಿರಿ. ಸೂತ್ರ ಇಷ್ಟೇ: ಕಕ್ಷೆಯ ವಾಲಿನ ಕೊಸೈನ್ = ಉಡಾವಣಾ ಸ್ಥಳದ ಅಕ್ಷಾಂಶದ ಕೊಸೈನ್ × ಗೆರೆಯ ದಿಕ್ಕಿನ ಸೈನ್.

ವ್ಯಾಂಡನ್‌ಬರ್ಗ್ ಇರುವುದು ಸುಮಾರು 34.7 ಡಿಗ್ರಿ ಉತ್ತರದಲ್ಲಿ. ಹವ್ಯಾಸಿಗಳು ಎಣಿಸಿದಂತೆ 98 ಡಿಗ್ರಿಯ ಕಕ್ಷೆಯಾಗಿದ್ದರೆ ಗೆರೆ ದಕ್ಷಿಣದಿಂದ ಒಂದಿಷ್ಟು ಪಶ್ಚಿಮಕ್ಕೆ, ಸುಮಾರು 190 ಡಿಗ್ರಿಯತ್ತ ಹೋಗಬೇಕಿತ್ತು. ಎನ್‌ಆರ್‌ಓಎಲ್-71ರ ಎಚ್ಚರಿಕೆಗಳು ಬಂದಾಗ ನೋಡಿದರೆ, ಚೌಕಗಳು ದಕ್ಷಿಣದಿಂದ ಪೂರ್ವಕ್ಕೆ ಹೊರಳಿದ್ದವು! ದಿಕ್ಕು 160 ಎಂದು ಹಾಕಿ ನೀವೇ ಲೆಕ್ಕ ಮಾಡಿ. ಉತ್ತರ 74ರ ಹತ್ತಿರ ಬರುತ್ತದೆ. ಹಳೆಯ ಊಹೆ ಅಲ್ಲಿಗೆ ಕೈಬಿಟ್ಟಿತು. ರಾಕೆಟ್ ಇನ್ನೂ ಕಟ್ಟೆಯ ಮೇಲೇ ನಿಂತಿತ್ತು.

ಕೈ ಪಳಗಿಸಿಕೊಳ್ಳಲು ಗುಟ್ಟಿಲ್ಲದ ಉಡಾವಣೆಗಳನ್ನು ಹಿಡಿಯಿರಿ. ಫ್ಲಾರಿಡಾದಿಂದ ಈಶಾನ್ಯಕ್ಕೆ ಹೋಗುವ ಸ್ಟಾರ್‌ಲಿಂಕ್ ಒಳ್ಳೆಯದು. ಗೆರೆ 43 ಡಿಗ್ರಿಯ ಆಸುಪಾಸಿನಲ್ಲಿದ್ದರೆ ವಾಲು 53 ಡಿಗ್ರಿ ಬರಬೇಕು. ನಮ್ಮದೇ ಪಿಎಸ್‌ಎಲ್‌ವಿಯಿಂದ ಶುರು ಮಾಡೋಣ ಎಂದು ಅನ್ನಿಸುತ್ತದೆ. ನಾನೂ ಹಾಗೇ ಹೊರಟು ಒಂದು ಭಾನುವಾರವಿಡೀ ತಲೆ ಕೆರೆದುಕೊಂಡೆ, ಲೆಕ್ಕ ಕೂಡಲೇ ಇಲ್ಲ. ಧ್ರುವದ ಕಡೆಗೆ ಹೋಗುವ ಪಿಎಸ್‌ಎಲ್‌ವಿ ಶ್ರೀಹರಿಕೋಟಾದಿಂದ ನೇರವಾಗಿ ಹೋಗುವುದಿಲ್ಲ. ಶ್ರೀಲಂಕಾದ ಮೇಲೆ ಹಾರಬಾರದು ಎಂದು ಮೊದಲು ಆಗ್ನೇಯಕ್ಕೆ ಹೋಗಿ, ದಾರಿಯಲ್ಲಿ ದಕ್ಷಿಣಕ್ಕೆ ತಿರುಗುತ್ತದೆ. ಗೆರೆಯಲ್ಲಿ ಮೊಣಕೈ ಇದ್ದರೆ ಈ ಸೂತ್ರ ಮೋಸ ಮಾಡುತ್ತದೆ.

ಗಡಿಯಾರವೂ ಬಾಯಿಬಿಡುತ್ತದೆ

ಎನ್‌ಆರ್‌ಓಎಲ್-71 ಮೊದಲ ಸಲಕ್ಕೆ ಹಾರಲಿಲ್ಲ. 2018ರ ಡಿಸೆಂಬರ್ 8ರ ರಾತ್ರಿ ಎಣಿಕೆ ಏಳೂವರೆ ಸೆಕೆಂಡಿಗೆ ಬಂದು ನಿಂತಿತು. ಆಮೇಲೆ ಮುಂದೂಡಿಕೆ ಮೇಲೆ ಮುಂದೂಡಿಕೆ. ಕಾದವರಿಗೆ ಬೇಸರ, ಆದರೆ ಲೆಕ್ಕ ಹಾಕುವವರಿಗೆ ಹಬ್ಬ. ಯಾಕೆಂದರೆ ಪ್ರತಿ ಸಲವೂ ಹೊಸ ಸಮಯ ಹೊರಬೀಳುತ್ತದೆ.

ಡಿಸೆಂಬರ್ 8ರಂದು ಸಮಯ ಅಲ್ಲಿಯ ರಾತ್ರಿ 8 ಗಂಟೆ ದಾಟಿ ಇತ್ತು. ಕೊನೆಗೆ ಹಾರಿದ್ದು 2019ರ ಜನವರಿ 19ರ ಬೆಳಗ್ಗೆ 11 ಗಂಟೆ 10 ನಿಮಿಷಕ್ಕೆ. ನಲವತ್ತೆರಡು ದಿನದಲ್ಲಿ ಸುಮಾರು ಒಂಬತ್ತು ಗಂಟೆ ಹಿಂದಕ್ಕೆ ಸರಿಯಿತು, ಅಂದರೆ ದಿನಕ್ಕೆ 13 ನಿಮಿಷ. ಗುರಿಯಿಟ್ಟ ಕಕ್ಷೆಯ ಕೆಳಗೆ ಉಡಾವಣಾ ಕಟ್ಟೆ ಬರುವ ಹೊತ್ತಿಗೇ ರಾಕೆಟ್ ಏಳಬೇಕು, ಆ ಹೊತ್ತೇ ದಿನವೂ ಸರಿಯುತ್ತದೆ. ಇದರಲ್ಲಿ 4 ನಿಮಿಷ ನಕ್ಷತ್ರಗಳ ಲೆಕ್ಕ. ಯಾವ ನಕ್ಷತ್ರವಾದರೂ ದಿನಕ್ಕೆ 4 ನಿಮಿಷ ಬೇಗ ಹುಟ್ಟುತ್ತದೆ. ಉಳಿದ 9 ನಿಮಿಷ ಎಲ್ಲಿಂದ ಬಂತು? ಭೂಮಿಯ ಹೊಟ್ಟೆ ಸ್ವಲ್ಪ ಉಬ್ಬಿದೆ. ಆ ಉಬ್ಬಿನ ಸೆಳೆತಕ್ಕೆ ಕಕ್ಷೆಯೇ ನಿಧಾನವಾಗಿ ತಿರುಗುತ್ತದೆ. 400 ಕಿಲೋಮೀಟರ್ ಎತ್ತರದಲ್ಲಿ, 74 ಡಿಗ್ರಿ ವಾಲಿನಲ್ಲಿ ಅದು ದಿನಕ್ಕೆ ಎರಡೂಕಾಲು ಡಿಗ್ರಿ, ಅಂದರೆ ಸರಿಯಾಗಿ 9 ನಿಮಿಷ. 98 ಡಿಗ್ರಿಯ ಕಕ್ಷೆಯಾಗಿದ್ದರೆ ಉಡಾವಣೆಯ ಹೊತ್ತು ದಿನವೂ ಹೆಚ್ಚು ಬದಲಾಗುತ್ತಲೇ ಇರಲಿಲ್ಲ. ಎಚ್ಚರಿಕೆಯ ಚೌಕ ಹೇಳಿದ್ದನ್ನೇ ಗಡಿಯಾರವೂ ಹೇಳಿತು. ಎರಡು ಬೇರೆ ಬೇರೆ ಸಾಕ್ಷಿಗಳು ಒಂದೇ ಮಾತು ಆಡುವುದು ಈ ಹವ್ಯಾಸದಲ್ಲಿ ಸಿಗುವ ದೊಡ್ಡ ಖುಷಿ.

ಈಗ ತಾರಸಿಗೆ ಹತ್ತಿ

ವಾಲು, ಸಮಯ, ಎತ್ತರದ ಅಂದಾಜು ಸೇರಿಸಿದರೆ ಹುಡುಕಾಟಕ್ಕೆ ಒಂದು ಕಕ್ಷೆ ಸಿದ್ಧ. ಸ್ಟೆಲೇರಿಯಮ್‌ನಂಥ ಉಚಿತ ತಂತ್ರಾಂಶಕ್ಕೆ ಅದನ್ನು ಹಾಕಿದರೆ ನಿಮ್ಮ ಊರಿನ ಆಕಾಶದಲ್ಲಿ ಅದು ಹಾಯುವ ದಾರಿ ಕಾಣುತ್ತದೆ. 74 ಡಿಗ್ರಿ ವಾಲಿನದು ಬೆಂಗಳೂರಿನ ಮೇಲೂ ಹಾಯುತ್ತದೆ, ಬೀದರಿನ ಮೇಲೂ. ಆದರೆ ನಮಗೆ ನೋಡಲು ಸಿಗುವ ಹೊತ್ತು ಕಡಿಮೆ. ಕೆಳಗೆ ಕತ್ತಲಿರಬೇಕು, ಮೇಲೆ ಉಪಗ್ರಹಕ್ಕೆ ಬಿಸಿಲು ಬಿದ್ದಿರಬೇಕು. 400 ಕಿಲೋಮೀಟರ್ ಎತ್ತರದ್ದಾದರೆ ಸೂರ್ಯ ಮುಳುಗಿ ಅರ್ಧ ಗಂಟೆಯಿಂದ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷದವರೆಗೆ, ಮತ್ತೆ ಬೆಳಗಿನ ಜಾವ ಅಷ್ಟೇ ಹೊತ್ತು. ನೆದರ್ಲೆಂಡ್ಸ್‌ನವರಿಗೆ ಜೂನ್‌ನಲ್ಲಿ ಹೆಚ್ಚೂಕಡಿಮೆ ರಾತ್ರಿಯಿಡೀ ಕಾಣುತ್ತದೆ. ಹೊಟ್ಟೆಕಿಚ್ಚಾಗುತ್ತದೆ.

ಹೊಸ ಉಪಗ್ರಹ ಹೇಳಿದ ನಿಮಿಷಕ್ಕೆ ಬರುವುದಿಲ್ಲ. ಎತ್ತರದ ಅಂದಾಜು ಸ್ವಲ್ಪ ತಪ್ಪಿದರೂ ಬೇಗ ಬರಬಹುದು, ತಡವಾಗಬಹುದು. ಅದಕ್ಕೇ ಅದನ್ನು ಅಟ್ಟಿಸಿಕೊಂಡು ಹೋಗಬೇಡಿ. ದಾರಿಯ ಮೇಲೆ ಒಂದು ಜಾಗ ಆರಿಸಿ, ಕ್ಯಾಮೆರಾವನ್ನು ಅಲ್ಲಿಗೆ ತಿರುಗಿಸಿ ಕಾಯಿರಿ. ಭೂಮಿ ತಿರುಗಿದಂತೆ ಆ ದಾರಿಯೂ ಸರಿಯುತ್ತದೆ, ಆಗಾಗ ಕ್ಯಾಮೆರಾ ಸರಿಸಿಕೊಳ್ಳಿ. 50 ಎಂಎಂ ಲೆನ್ಸ್, ಟ್ರೈಪಾಡ್, ಕೆಲವು ಸೆಕೆಂಡಿನ ಚಿತ್ರಗಳು ಸಾಕು. ಸೊಳ್ಳೆ ಬತ್ತಿ ಮರೆಯಬೇಡಿ.

ಚಿತ್ರದಲ್ಲಿ ಗೆರೆ ಬಿದ್ದರೆ ಅದರ ತುದಿಗಳು ಯಾವ ನಕ್ಷತ್ರಗಳ ನಡುವೆ ಇವೆ, ಆಗ ಸಮಯ ಎಷ್ಟು ಎಂದು ಅಳೆಯಬೇಕು. ಕ್ಯಾಮೆರಾದ ಗಡಿಯಾರವನ್ನು ಮಾತ್ರ ನಂಬಬೇಡಿ. ಉಪಗ್ರಹ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುತ್ತದೆ. ಒಂದು ಸೆಕೆಂಡ್ ತಪ್ಪಿದರೆ ಅಷ್ಟೂ ದೂರ ತಪ್ಪಿದ ಹಾಗೆ. ಜಿಪಿಎಸ್‌ನಿಂದ ಸಮಯ ತೆಗೆದುಕೊಳ್ಳಿ. ಒಬ್ಬರ ಅಳತೆಯಿಂದ ಕಕ್ಷೆ ಪಕ್ಕಾ ಆಗುವುದಿಲ್ಲ. ಬೇರೆ ಬೇರೆ ದೇಶದವರ ಅಳತೆಗಳು ಕೂಡಿದಾಗ ಆಗುತ್ತದೆ. ಎನ್‌ಆರ್‌ಓಎಲ್-71ರಲ್ಲಿ ಹೋದದ್ದಕ್ಕೆ ಯುಎಸ್‌ಎ 290 ಎಂದು ಹೆಸರು ಬಿತ್ತು. ಹವ್ಯಾಸಿಗಳು ಅದನ್ನು ಹಿಡಿದದ್ದು 73.6 ಡಿಗ್ರಿ ವಾಲಿನಲ್ಲಿ, 400 ಕಿಲೋಮೀಟರ್ ಆಸುಪಾಸಿನಲ್ಲಿ.

ಇಷ್ಟು ನಿಖರತೆ ಯಾಕೆ ಬೇಕು ಎಂದರೆ, 2019ರ ಆಗಸ್ಟ್ 30ರಂದು ಟ್ರಂಪ್ ಇರಾನಿನ ಸೆಮ್ನಾನ್ ಉಡಾವಣಾ ನೆಲೆಯ ಚಿತ್ರವೊಂದನ್ನು ಟ್ವೀಟ್ ಮಾಡಿದರು. ತೆಗೆದದ್ದು ಯಾರು ಎಂದು ಹೇಳಲಿಲ್ಲ. ನೆದರ್ಲೆಂಡ್ಸ್‌ನ ಲೈಡನ್‌ನ ಹವ್ಯಾಸಿ ಮಾರ್ಕೊ ಲ್ಯಾಂಗ್‌ಬ್ರೂಕ್ ಮತ್ತಿತರರು ಚಿತ್ರದಲ್ಲಿನ ನೆರಳು ಮತ್ತು ಓರೆಯನ್ನು ಅಳೆದು, ತಮ್ಮ ಪಟ್ಟಿಯ ಕಕ್ಷೆಗಳಿಗೆ ಹೋಲಿಸಿದರು. ಆ ಹೊತ್ತಿಗೆ ಆ ಕೋನದಲ್ಲಿದ್ದದ್ದು ಯುಎಸ್‌ಎ 224, 2011ರ ಜನವರಿಯಲ್ಲಿ ಹೋಗಿದ್ದ ಅದೇ ಉಪಗ್ರಹ.

ಎರಡು ಎಚ್ಚರಿಕೆ ನಮ್ಮ ಕಡೆಯಿಂದ. ರಕ್ಷಣಾ ನೆಲೆಗಳ ಹತ್ತಿರ ಕ್ಯಾಮೆರಾ ಹಿಡಿದು ನಿಲ್ಲಬೇಡಿ, ಸ್ವಂತ ತಾರಸಿಯೇ ಸಾಕು. ರೇಡಿಯೊದಲ್ಲಿ ಉಪಗ್ರಹ ಕೇಳುವ ಆಸೆಯಿದ್ದರೆ ಮೊದಲು ಲೈಸೆನ್ಸ್ ನಿಯಮ ವಿಚಾರಿಸಿಕೊಳ್ಳಿ.

ನೋಟ್‌ಬುಕ್ಕಿನಲ್ಲಿ ಕಾಣದ ರಾತ್ರಿಗಳನ್ನೂ ಬರೆದಿಡಿ. "ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಈ ಜಾಗ ನೋಡಿದೆ, ಏನೂ ಇಲ್ಲ" ಎಂಬುದೂ ಬೇರೆಯವರ ಹುಡುಕಾಟವನ್ನು ಕಿರಿದು ಮಾಡುತ್ತದೆ. ಬೇರೇನೋ ಸಿಕ್ಕರೆ ಅದನ್ನೂ ಬರೆಯಿರಿ. 2018ರ ಜನವರಿಯಲ್ಲಿ ಝುಮಾ ಎಂಬ ಗುಟ್ಟಿನ ಉಪಗ್ರಹ ಹೋದಾಗ ಕೆನಡಾದ ಸ್ಕಾಟ್ ಟಿಲಿ ಅದರ ರೇಡಿಯೊ ಸದ್ದಿಗಾಗಿ ಹುಡುಕುತ್ತಿದ್ದರು. ಝುಮಾ ಸಿಗಲಿಲ್ಲ. ಕೇಳಿಸಿದ್ದು ನಾಸಾದ ಇಮೇಜ್ ಉಪಗ್ರಹ. 2005ರ ಡಿಸೆಂಬರ್‌ನಲ್ಲಿ ಸಂಪರ್ಕ ಕಡಿದು, ಸತ್ತೇಹೋಯಿತು ಎಂದು ನಾಸಾ ಕೈಬಿಟ್ಟಿದ್ದದ್ದು ಮೇಲೆ ಮಾತಾಡುತ್ತಾ ಸುತ್ತುತ್ತಿತ್ತು.