ಗೋಡೆಗೆ ಸ್ನಾನ ಮಾಡಿಸುತ್ತಿದ್ದ ಶವರ್

ಕೆಲವು ತಿಂಗಳಿಂದ ನಮ್ಮ ಬಚ್ಚಲಿನ ಶವರ್ ನನಗಿಂತ ಹೆಚ್ಚಾಗಿ ಗೋಡೆಗೇ ಸ್ನಾನ ಮಾಡಿಸುತ್ತಿತ್ತು. ನಡುವಿನ ತೂತುಗಳಲ್ಲಿ ನೀರೇ ಇಲ್ಲ. ಅಂಚಿನ ಏಳೆಂಟು ತೂತುಗಳಿಂದ ಸೂಜಿಯಂಥ ಎಳೆಗಳು ದಿಕ್ಕಾಪಾಲಾಗಿ ಹಾರುತ್ತಿದ್ದವು. ಒಂದು ಕಣ್ಣಿಗೆ, ಒಂದು ಬಾಗಿಲಿಗೆ, ಒಂದು ನೇರ ಟವೆಲಿಗೆ. ಮೇಲಿನ ಟ್ಯಾಂಕಿನಿಂದ ಒತ್ತಡ ಸಾಲದು ಅಂತ ನಾನು ಸುಮ್ಮನೆ ದೂರುತ್ತಿದ್ದೆ. ಮಗಳು ಒಂದು ದಿನ, "ಅಪ್ಪಾ, ಕೆಳಗಿನ ನಲ್ಲಿಯಲ್ಲಿ ನೀರು ಧೋ ಅಂತ ಬರ್ತಿದೆಯಲ್ಲ, ಅದೇ ಟ್ಯಾಂಕಿಂದಲೇ ತಾನೆ?" ಅಂದಳು. ಉತ್ತರ ಇರಲಿಲ್ಲ.

ಹತ್ತು ಲೀಟರಿನ ಬಕೆಟ್ ಕೆಳಗಿಟ್ಟು ಗಡಿಯಾರ ನೋಡಿದೆ. ತುಂಬಲು 2 ನಿಮಿಷ 50 ಸೆಕೆಂಡು. ಆಮೇಲೆ ಶವರಿನ ತಲೆಯನ್ನೇ ತಿರುಗಿಸಿ ಬಿಚ್ಚಿ, ಬರೀ ಪೈಪಿಗೆ ನೀರು ಬಿಟ್ಟೆ. ಅದು ಎದೆಗೆ ಬಡಿದ ರಭಸಕ್ಕೆ ಟ್ಯಾಂಕಿನ ಮೇಲಿದ್ದ ಅನುಮಾನವೆಲ್ಲ ಹೋಯಿತು. ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ಮೊದಲು ಇಷ್ಟು ಮಾಡಿ ನೋಡಿ. ತಲೆ ಬಿಚ್ಚಿದ ಮೇಲೂ ನೀರು ಸಣ್ಣಗೇ ಬಂದರೆ ತೊಂದರೆ ಪೈಪಿನಲ್ಲೋ ವಾಲ್ವಿನಲ್ಲೋ ಇದೆ, ಶವರ್ ಉಜ್ಜಿ ಫಲವಿಲ್ಲ.

ಇದನ್ನು ನಾವೆಲ್ಲ 'ಉಪ್ಪು ಕಟ್ಟಿದೆ' ಅನ್ನುತ್ತೇವೆ. ಮಾತು ರೂಢಿಯದು, ಆದರೆ ಅಡುಗೆ ಉಪ್ಪಾಗಿದ್ದರೆ ಅದು ದಿನಾ ಹರಿಯುವ ನೀರಿನಲ್ಲೇ ಕರಗಿ ಹೋಗುತ್ತಿತ್ತು. ಅಲ್ಲಿ ಕೂತಿರುವುದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಜೊತೆಗೆ ಒಂದಿಷ್ಟು ಮೆಗ್ನೀಷಿಯಂ. ಸುಣ್ಣದಕಲ್ಲು, ಅಮೃತಶಿಲೆ, ಮೊಟ್ಟೆಯ ಚಿಪ್ಪು ಎಲ್ಲ ಇದೇ ವಸ್ತುವೇ. ಮಳೆನೀರು ಗಾಳಿಯಿಂದ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗಿ, ನೆಲದೊಳಗಿನ ಸುಣ್ಣದಕಲ್ಲನ್ನು ಕರಗಿಸಿಕೊಂಡು ಬರುತ್ತದೆ. ಆ ನೀರು ಕಾದಾಗ, ಇಲ್ಲವೇ ಒಣಗಿದಾಗ, ಅನಿಲ ಹಾರಿಹೋಗಿ ಕಲ್ಲು ಮತ್ತೆ ಕಲ್ಲಾಗುತ್ತದೆ. ಬಿಸಿನೀರು ಬಳಸದವರ ಶವರಿಗೂ ಇದು ತಪ್ಪಿದ್ದಲ್ಲ. ನಲ್ಲಿ ನಿಲ್ಲಿಸಿದ ಮೇಲೆ ತೂತಿನ ಬಾಯಲ್ಲಿ ಉಳಿಯುವ ಕೊನೆಯ ಹನಿಯೇ ಸಾಕು. ಅದು ಒಣಗುತ್ತದೆ, ಕಾಣದಷ್ಟು ತೆಳುವಾದ ಪೊರೆ ಬಿಡುತ್ತದೆ, ಮರುದಿನ ಅದರ ಮೇಲೆ ಇನ್ನೊಂದು.

ನೀರಿನ ಗಡಸುತನವನ್ನು, ಅಂದರೆ ಅದರಲ್ಲಿ ಕರಗಿರುವ ಸುಣ್ಣದಂಶವನ್ನು, ಅಳೆಯುವ ಪಟ್ಟಿಯನ್ನು ನೀರಿಗೆ ಅದ್ದಿ ನೋಡಿದಾಗ ನಮ್ಮದು ಲೀಟರಿಗೆ 250 ಮಿಲಿಗ್ರಾಂ ಬಣ್ಣಕ್ಕೆ ತಿರುಗಿತು. 60ರವರೆಗೆ ಮೆದು ನೀರು, 180 ದಾಟಿದರೆ ತುಂಬ ಗಡಸು ಎಂಬ ಲೆಕ್ಕವಿದೆ. ಅಂದರೆ 60 ಲೀಟರಿನ ಒಂದು ಸ್ನಾನಕ್ಕೆ 15 ಗ್ರಾಂ ಸುಣ್ಣದಂಶ ಆ ತೂತುಗಳನ್ನು ದಾಟಿ ಹೋಗುತ್ತದೆ. ಹೆಚ್ಚಿನದೆಲ್ಲ ಮೋರಿಗೆ ಸೇರುವುದರಿಂದ ನಾವು ಬಚಾವು.

ಈಗ ನಾನು ಮಾಡಿದ ತಪ್ಪುಗಳು, ದೊಡ್ಡದರಿಂದಲೇ ಶುರು. ಹಿಂದಿನ ಶವರಿಗೂ ಹೀಗೇ ಆಗಿತ್ತು. ಆಗ ನಾನು ಶೌಚಾಲಯದ ಕಮೋಡ್ ತೊಳೆಯುವ ಆಸಿಡ್ ಸುರಿದೆ. ಕರೆ ಎರಡೇ ನಿಮಿಷದಲ್ಲಿ ಬುಸ್ಸೆಂದು ನೊರೆಯೆದ್ದು ಮಾಯವಾಯಿತು. ಅಬ್ಬಾ ಅಂತ ಬೀಗಿದೆ. ಕಾಲು ಗಂಟೆ ಕಳೆದು ನೋಡಿದರೆ ಕನ್ನಡಿಯಂತಿದ್ದ ಕ್ರೋಮ್ ಮಂಕಾಗಿ, ಅಲ್ಲಲ್ಲಿ ಕಪ್ಪು ಮಚ್ಚೆ. ತಿಂಗಳೊಳಗೆ ಹೊಳಪು ಚಕ್ಕೆಚಕ್ಕೆಯಾಗಿ ಏಳತೊಡಗಿತು. ಅಂಥ ಆಸಿಡ್‌ನಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ಸುಣ್ಣವನ್ನು ಮಾತ್ರ ತಿಂದು ಸುಮ್ಮನಾಗುವುದಿಲ್ಲ, ಕ್ರೋಮ್ ಲೇಪವನ್ನೂ ತಿನ್ನುತ್ತದೆ.

ಎರಡನೆಯ ತಪ್ಪು ಈಗಿನ ಶವರಿನದು. ಮುಚ್ಚಿದ ತೂತುಗಳಿಗೆ ಗುಂಡುಸೂಜಿ ಹಾಕಿ ಕೆದಕಿದೆ. ಒಂದೊಂದರಿಂದಲೂ ಬಿಳಿ ಚೂರು ಉದುರಿದಾಗ ಸಿಗುವ ತೃಪ್ತಿ ಬೇರೆಯೇ! ಆದರೆ ಅರ್ಧ ಚೂರು ಹೊರಗೆ ಬಿದ್ದರೆ ಅರ್ಧ ಒಳಗೆ ಬೀಳುತ್ತದೆ, ನೀರು ಬಿಟ್ಟೊಡನೆ ಬೇರೆ ತೂತಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಸಾಲದ್ದಕ್ಕೆ ಒಂದು ಪ್ಲಾಸ್ಟಿಕ್ ತೂತಿನ ಅಂಚನ್ನು ಸೂಜಿಯಿಂದ ಹರಿದು ಅಗಲ ಮಾಡಿಬಿಟ್ಟೆ.

ಆಮೇಲೆ ಎಲ್ಲರೂ ಹೇಳುವ ಪ್ಲಾಸ್ಟಿಕ್ ಕವರಿನ ಉಪಾಯ. ಬಿಳಿ ವಿನೆಗರನ್ನು ಕವರಿಗೆ ಸುರಿದು, ಶವರಿನ ಮುಖ ಅದರಲ್ಲಿ ಮುಳುಗುವಂತೆ ಕಟ್ಟಿ, ರಾತ್ರಿಯಿಡೀ ಬಿಡುವುದು. ಒಂದೇ ರಬ್ಬರ್ ಬ್ಯಾಂಡ್ ನೆಚ್ಚಿಕೊಂಡು ಮಲಗಿದೆ. ಬೆಳಗ್ಗೆ ಕವರ್ ನೆಲದ ಮೇಲೆ, ಬಚ್ಚಲೆಲ್ಲ ಹುಳಿ ವಾಸನೆ. ಎರಡನೆಯ ರಾತ್ರಿ ಎರಡು ರಬ್ಬರ್ ಬ್ಯಾಂಡ್, ಮೇಲೊಂದು ದಾರ. ಕವರಿನಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಭಾರಕ್ಕೇ ಜಾರುತ್ತದೆ. ಗುಳ್ಳೆ ಏಳುವುದಕ್ಕೂ ಜಾಗ ಬೇಕು.

ಇದರಿಂದ ಮುಖ ಬೆಳ್ಳಗಾಗಿದ್ದದ್ದು ಹೊಳೆಯಿತು, ನಿಜ. ಬಕೆಟ್ ಮಾತ್ರ ತುಂಬಲು ಇನ್ನೂ ಎರಡು ನಿಮಿಷ ತೆಗೆದುಕೊಂಡಿತು. ನನಗೆ ಬುದ್ಧಿ ಬಂದದ್ದು ಆಗಲೇ. ಕಣ್ಣಿಗೆ ಕಾಣುವ ಕರೆ ಅಲಂಕಾರ ಕೆಡಿಸುವಂಥದ್ದು, ನೀರನ್ನು ತಡೆಯುತ್ತಿರುವುದು ಕಾಣದ ಕಡೆ, ಒಳಗೆ ಇದೆ.

ಹಾಗಾಗಿ ಮತ್ತೆ ಬಿಚ್ಚಿದೆ. ಬಿಚ್ಚುವಾಗ ಪೈಪಿನ ತೋಳನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ. ತೋಳೂ ಜೊತೆಯಲ್ಲೇ ತಿರುಗಿದರೆ ಗೋಡೆಯೊಳಗಿನ ಜೋಡಣೆ ಸಡಿಲವಾಗಿ, ಆಮೇಲೆ ಪ್ಲಂಬರನ್ನೇ ಕರೆಯಬೇಕಾಗುತ್ತದೆ. ನಮ್ಮದು ಮೊದಲ ಸಲ ಬಿಚ್ಚುವಾಗ ಕೈಗೆ ಜಗ್ಗಿರಲಿಲ್ಲ, ಸುಣ್ಣ ಥ್ರೆಡ್ಡಿಗೂ ಹಿಡಿದಿತ್ತು. ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಅಲ್ಲಿಗೆ ಸುತ್ತಿ ಒಂದು ಗಂಟೆ ಬಿಟ್ಟು, ಒರೆಸಿ, ಒಣಬಟ್ಟೆಯ ಮೇಲಿಂದ ಸ್ಪ್ಯಾನರ್ ಹಾಕಿ ತಿರುಗಿಸಿದ್ದೆ. ಬಟ್ಟೆ ಇಲ್ಲದೆ ಸ್ಪ್ಯಾನರ್ ಹಾಕಿದರೆ ಅದರ ಹಲ್ಲಿನ ಗುರುತು ಕ್ರೋಮ್ ಮೇಲೆ ಶಾಶ್ವತ. ಮೋರಿಯ ಜಾಲರಿಯ ಮೇಲೊಂದು ಬಟ್ಟೆ ಹಾಸುವುದನ್ನು ಮರೆಯಬೇಡಿ. ನನ್ನ ವಾಷರ್ ಉರುಳಿಕೊಂಡು ಹೋಗಿ ಅಂಚಿನಲ್ಲಿ ನಿಂತದ್ದು ಪುಣ್ಯ.

ನೀರು ಒಳಬರುವ ಬಾಯಲ್ಲಿ ರಬ್ಬರ್ ವಾಷರ್ ಇತ್ತು, ಅದರ ಹಿಂದೆ ಬೆರಳಿನುಗುರಿಗಿಂತ ತುಸು ದೊಡ್ಡದಾದ ಒಂದು ಜಾಲರಿ. ಅಷ್ಟು ವರ್ಷ ಬಳಸಿದ್ದರೂ ಅಂಥದೊಂದು ಜಾಲರಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮುಕ್ಕಾಲು ಭಾಗ ಮುಚ್ಚಿಹೋಗಿತ್ತು. ಮರಳಿನ ಕಣ, ತುಕ್ಕಿನ ಚೂರು, ಪೈಪಿನೊಳಗಿಂದ ಕಿತ್ತು ಬಂದ ಸುಣ್ಣದ ಚಕ್ಕೆ, ಹಳೆಯ ಟೆಫ್ಲಾನ್ ಟೇಪಿನ ಎಳೆಯೂ ಒಂದು. ಇಷ್ಟು ದಿನ ನಾನು ಮುಖ ಉಜ್ಜುತ್ತಿದ್ದೆ, ಶವರಿಗೆ ಕಟ್ಟಿದ್ದು ಗಂಟಲು! ಕೆಲವು ಶವರಿನಲ್ಲಿ ಜಾಲರಿಯ ಹಿಂದೆ ನೀರು ಮಿತಿಗೊಳಿಸುವ ಸಣ್ಣ ಬಿಲ್ಲೆಯೂ ಇರುತ್ತದೆ. ತೆಗೆಯುವ ಮೊದಲು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಯಾವುದರ ಮೇಲೆ ಯಾವುದು ಕೂತಿತ್ತು ಅಂತ ಆಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ನೆನೆಹಾಕಲು ಈ ಸಲ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಪುಡಿ, ಬಳಸಿದೆ. ವಿನೆಗರ್ ಕೆಟ್ಟದ್ದಲ್ಲ. ಶೇಕಡಾ ಐದರಷ್ಟು ಆಮ್ಲ ಇರುವ ಕಾಲು ಲೀಟರ್ ವಿನೆಗರ್ ಲೆಕ್ಕದ ಪ್ರಕಾರ ಹತ್ತು ಗ್ರಾಂ ಸುಣ್ಣ ಕರಗಿಸಬಲ್ಲದು. ಆದರೆ ಆಮ್ಲ ತೀರುತ್ತ ಬಂದ ಹಾಗೆ ಕೆಲಸ ನಿಧಾನವಾಗುತ್ತದೆ, ಗುಳ್ಳೆ ನಿಂತಿತೆಂದರೆ ಸುಣ್ಣ ಮುಗಿಯಿತು ಅಂತಲೂ ಇರಬಹುದು, ಹುಳಿ ಮುಗಿಯಿತು ಅಂತಲೂ ಇರಬಹುದು. ಹೊಸದಾಗಿ ಒಂದಿಷ್ಟು ಸುರಿದು ನೋಡಿದರೆ ಯಾವುದೆಂದು ತಿಳಿಯುತ್ತದೆ. ನನಗೆ ವಿನೆಗರಿನ ಮೇಲೆ ಮುನಿಸು ಬಂದದ್ದು ಎರಡು ದಿನ ಬಿಡದ ವಾಸನೆಗೆ.

ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆ ಉಪ್ಪು. ಕುದಿಯುವ ನೀರು ಹಾಕಿದರೆ ಬೇಗ ಆಗುತ್ತದಲ್ಲ ಅಂತ ಒಂದು ಹಳೆಯ ನಲ್ಲಿಯ ಮೇಲೆ ಪ್ರಯೋಗ ಮಾಡಿದ್ದೆ. ಕರೆ ಬಿಟ್ಟಿತು, ಬದಲಿಗೆ ಹಿಟ್ಟಿನಂಥ ಬಿಳಿ ಪುಡಿ ಕೂತಿತು. ಅದು ಕ್ಯಾಲ್ಸಿಯಂ ಸಿಟ್ರೇಟ್, ನೀರಿನಲ್ಲಿ ಸರಿಯಾಗಿ ಕರಗದು, ಬಿಸಿ ಹೆಚ್ಚಿದಷ್ಟೂ ಇನ್ನೂ ಕಡಿಮೆ ಕರಗುತ್ತದೆ. ಬಿಸಿ ಜಾಸ್ತಿಯಾದರೆ ಪ್ಲಾಸ್ಟಿಕ್ ಸೊಟ್ಟಗಾಗುವ, ವಾಷರ್ ಹಾಳಾಗುವ ಭಯವೂ ಇದೆ.

ವಾಷರ್ ಪಕ್ಕಕ್ಕಿಟ್ಟು ಉಳಿದದ್ದನ್ನೆಲ್ಲ ಹಳೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಳುಗಿಸಿದೆ. ಮೊದಲು ಬಾಯಿ ಮೇಲೆ ಮಾಡಿ ಒಳಗೆಲ್ಲ ದ್ರಾವಣ ತುಂಬಿದ ಮೇಲೆ ಮುಖ ಕೆಳಗೆ ಮಾಡಿ ಇಟ್ಟೆ. ಒಳಗೆ ಗಾಳಿ ಸಿಕ್ಕಿಕೊಂಡರೆ ಅಷ್ಟು ಜಾಗಕ್ಕೆ ಹುಳಿ ತಾಗುವುದೇ ಇಲ್ಲ. ಕಿವಿಯಿಟ್ಟರೆ ಚುರುಚುರು ಸದ್ದು, ಸಣ್ಣ ಗುಳ್ಳೆಗಳು ಸಾಲಾಗಿ ಮೇಲೇರುತ್ತಿದ್ದವು. ಅರ್ಧ ಗಂಟೆಗೊಮ್ಮೆ ಎತ್ತಿ ಅಲುಗಿಸಿದೆ. ಒಂದೂವರೆ ಗಂಟೆಯಾದಾಗ ನೀರು ಮೋಡ ಕವಿದಂತಾಗಿ ಗುಳ್ಳೆ ಸತ್ತಿತು. ಚೆಲ್ಲಿ ಹೊಸದು ಹಾಕಿದೆ, ಮತ್ತೆ ಚುರುಚುರು. ಎರಡನೆಯ ಸರದಿ ಒಂದು ಗಂಟೆಗೆ ತಣ್ಣಗಾಯಿತು.

ಕ್ರೋಮ್ ಲೇಪದ ಶವರ್ ಆದ್ದರಿಂದ ಇಷ್ಟು ಹೊತ್ತು ಬಿಟ್ಟೆ. ಚಿನ್ನದ ಬಣ್ಣದ್ದೋ, ನಿಕ್ಕಲ್ ಲೇಪದ್ದೋ, ಬರೀ ಹಿತ್ತಾಳೆಯದೋ ಆಗಿದ್ದರೆ ಅರ್ಧ ಗಂಟೆಗೇ ತೆಗೆದು ತೊಳೆದು, ಬೇಕಿದ್ದರೆ ಇನ್ನೊಂದು ದಿನ ಮತ್ತೆ ಹಾಕುತ್ತಿದ್ದೆ. ಬಚ್ಚಲಿಗೆ ಅಮೃತಶಿಲೆ ಹಾಕಿಸಿದವರು ಈ ಕೆಲಸವನ್ನು ಬೇರೆಲ್ಲಾದರೂ ಮಾಡಿಕೊಳ್ಳಿ, ಹುಳಿಗೆ ಕರೆಯ ಸುಣ್ಣ ಯಾವುದು, ನೆಲದ ಸುಣ್ಣ ಯಾವುದು ಅಂತ ಗೊತ್ತಾಗುವುದಿಲ್ಲ. ಇನ್ನು, ವಿನೆಗರ್ ಆಗಲಿ ನಿಂಬೆ ಉಪ್ಪಾಗಲಿ ಇರುವ ಹತ್ತಿರ ಬ್ಲೀಚ್ ತರಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ನೆನೆದ ಮೇಲೆ ಹಳೆಯ ಟೂತ್‌ಬ್ರಷ್ ಸಾಕಾಯಿತು. ಸೂಜಿಗೂ ಬಗ್ಗದಿದ್ದ ಕರೆ ಈಗ ಒದ್ದೆ ಸೀಮೆಸುಣ್ಣದ ಹಾಗೆ ಬಿಟ್ಟಿತು. ನಡುವಿನ ತೂತುಗಳದು ಸಿಲಿಕೋನ್ ರಬ್ಬರಿನ ತುದಿ, ಹೆಬ್ಬೆರಳಿನಿಂದ ಅತ್ತಿತ್ತ ಬಾಗಿಸಿ ತಿಕ್ಕಿದರೆ ಉಳಿದ ಚೂರು ತಾನೇ ಹೊರಬರುತ್ತದೆ. ಒಳಗಡೆ ಜಾರುಜಾರಾದ ಕಂದು ಲೋಳೆಯೂ ಇತ್ತು, ಅದು ಸುಣ್ಣದ ಸಂದಿಯಲ್ಲಿ ನೆಲೆಯೂರಿದ್ದ ಬ್ಯಾಕ್ಟೀರಿಯಾಗಳ ಸಂಸಾರ. ಶವರಿನ ತಲೆಯಲ್ಲಿ ಇಂಥವು ಕೂಡಿಕೊಳ್ಳುವುದು ಸಾಮಾನ್ಯ. ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದಾಗ ಮೊದಲ ನೀರನ್ನು ತಲೆಗೆ ಸುರಿದುಕೊಳ್ಳದೆ ಒಂದೆರಡು ನಿಮಿಷ ಹರಿಯಬಿಡುವುದನ್ನು ಅಂದಿನಿಂದ ರೂಢಿ ಮಾಡಿಕೊಂಡೆ.

ಶವರಿನ ತಲೆ ಹಾಕುವ ಮೊದಲು ಬರೀ ಪೈಪಿಗೆ ಅರ್ಧ ನಿಮಿಷ ನೀರು ಬಿಡಿ. ಬಿಚ್ಚುವಾಗ ಸಡಿಲವಾದ ಚೂರೆಲ್ಲ ಮುಂಚೆಯೇ ಹೊರಗೆ ಬೀಳಲಿ. ಹಳೆಯ ಟೇಪ್ ಪೂರ್ತಿ ಕಿತ್ತು ಹೊಸ ಟೆಫ್ಲಾನ್ ಟೇಪನ್ನು ಮೂರು ಸುತ್ತು ಸುತ್ತಿದೆ. ನಾನು ಮೊದಲ ಸಲ ತಿರುವುಮುರುವು ಸುತ್ತಿದ್ದರಿಂದ ತಲೆ ತಿರುಗಿಸುತ್ತಿದ್ದ ಹಾಗೇ ಟೇಪ್ ಮುದುಡಿಕೊಂಡು ಆಚೆ ಬಂತು, ಸಂದಿಯಿಂದ ನೀರು ಜಿನುಗಿತು. ಥ್ರೆಡ್ಡಿನ ತುದಿಯನ್ನು ನಮ್ಮ ಕಡೆ ಹಿಡಿದುಕೊಂಡಂತೆ ನೋಡಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಬೇಕು. ಕೈಯಲ್ಲಿ ಬಿಗಿ ಮಾಡಿ, ಸ್ಪ್ಯಾನರಿನಿಂದ ಕಾಲು ಸುತ್ತು ಕೊಟ್ಟರೆ ಸಾಕು.

ಬಕೆಟ್ ಇಟ್ಟೆ. 1 ನಿಮಿಷ 10 ಸೆಕೆಂಡು.

ಈಗ ಮೂರು ತಿಂಗಳಿಗೊಮ್ಮೆ ಜಾಲರಿ ತೆಗೆದು ತೊಳೆಯುತ್ತೇನೆ, ಐದು ನಿಮಿಷದ ಕೆಲಸ. ಸ್ನಾನ ಮುಗಿದ ಮೇಲೆ ಶವರಿನ ಮುಖವನ್ನೊಮ್ಮೆ ಅಂಗೈಯಿಂದ ಸವರಿ ಹನಿ ಉದುರಿಸುತ್ತೇನೆ, ನೆನಪಾದ ದಿನ. ಎಲ್ಲ ತೂತುಗಳಿಂದಲೂ ನೀರು ನೆಟ್ಟಗೆ ಬರುತ್ತಿದೆ, ನಾನು ಸೂಜಿ ಹಾಕಿ ಅಗಲ ಮಾಡಿದ್ದೊಂದನ್ನು ಬಿಟ್ಟು. ಅದು ಇವತ್ತಿಗೂ ಗುರಿಯಿಟ್ಟು ಟವೆಲಿಗೇ ಹೊಡೆಯುತ್ತದೆ. ಟವೆಲ್ ಹಾಕುವ ಕೊಕ್ಕೆಯನ್ನು ಎದುರು ಗೋಡೆಗೆ ಬದಲಾಯಿಸಿದೆ.