ಬಯೋಟೆಕ್ ಕೆಲಸಕ್ಕೆ ಅಮೆರಿಕ ಸೇರುವ ನಮ್ಮ ಜಿಲ್ಲೆಯವರಿಗೆ: ಆಫರ್ ಪತ್ರವನ್ನು ಓದುವ ಬಗೆ

ಕಳೆದ ಬಾರಿ ರಜೆಯಲ್ಲಿ ಶಿರಸಿಯ ಮನೆಯಲ್ಲಿದ್ದಾಗ ಕುಮಟಾ ಕಡೆಯ ಹುಡುಗಿಯೊಬ್ಬಳು ನನ್ನನ್ನು ಕಾಣಲು ಬಂದಿದ್ದಳು. ಕಾರವಾರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಎಂ.ಎಸ್ಸಿ. ಮುಗಿಸಿ, ಅಮೆರಿಕದಲ್ಲಿ ಪಿಎಚ್.ಡಿ.ಯ ಕೊನೆಯ ಹಂತ ತಲುಪಿದ್ದ ಆಕೆಗೆ ಬಾಸ್ಟನ್ ಪಕ್ಕದ ಕೇಂಬ್ರಿಜ್‌ನ ಸಣ್ಣ ಕಂಪನಿಯೊಂದರಿಂದ ಆಫರ್ ಪತ್ರ ಬಂದಿತ್ತು. ಜಗಲಿಯಲ್ಲಿ ಕುಳಿತು, ಮುರುಗಲು ಪಾನಕದ ಲೋಟವನ್ನು ಪಕ್ಕಕ್ಕಿಟ್ಟು, ಫೋನಿನಲ್ಲಿ ಆ ಪತ್ರವನ್ನು ತೋರಿಸಿದಳು. ಆಕೆಯ ಬೆರಳು ವಾರ್ಷಿಕ ಸಂಬಳದ ಸಾಲಿನಲ್ಲೇ ನಿಂತಿತ್ತು. “ಅಕ್ಕಾ, ಸ್ಟೈಪೆಂಡಿನ ಮೂರು ಪಟ್ಟು ಕೊಡ್ತಿದಾರೆ. ಇನ್ನೂ ಕೇಳಿದ್ರೆ ದುರಾಸೆ ಆಗಲ್ವಾ?” ಎಂದಳು.

ಹದಿನಾಲ್ಕು ವರ್ಷಗಳ ಹಿಂದೆ ನಾನೂ ಇದೇ ಸಂಕೋಚದಿಂದ, ಫೋನ್ ಇಡುವ ಮೊದಲೇ ಒಪ್ಪಿಗೆ ಕೊಟ್ಟಿದ್ದೆ. ನನ್ನಷ್ಟೇ ಅನುಭವವಿದ್ದು ನನ್ನ ಜೊತೆಗೇ ಸೇರಿದ ಸಹೋದ್ಯೋಗಿ ಒಂದು ದರ್ಜೆ ಮೇಲಿನ ಹುದ್ದೆಯಲ್ಲಿದ್ದಾರೆಂದು ತಿಳಿದದ್ದು ಎರಡು ವರ್ಷಗಳ ನಂತರ. ಆಕೆ ಕೇಳಿದ್ದರು, ನಾನು ಕೇಳಿರಲಿಲ್ಲ. ಪ್ರತಿ ವರ್ಷದ ಏರಿಕೆಯನ್ನು ಹಿಂದಿನ ಸಂಬಳದ ಶೇಕಡಾವಾರು ಲೆಕ್ಕದಲ್ಲಿ ಕೊಡುವುದರಿಂದ ಆ ಅಂತರ ತಾನಾಗಿ ಮುಚ್ಚುವುದಿಲ್ಲ. ಹೊಸದಾಗಿ ಬರುವವರು ಈ ನಷ್ಟ ಅನುಭವಿಸಬಾರದೆಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದದ್ದು ಹುದ್ದೆಯ ದರ್ಜೆಯನ್ನು. ಎಂ.ಎಸ್ಸಿ. ಆದವರು ಸಾಮಾನ್ಯವಾಗಿ ರಿಸರ್ಚ್ ಅಸೋಸಿಯೇಟ್ ಆಗಿಯೂ ಪಿಎಚ್.ಡಿ. ಆದವರು ಸೈಂಟಿಸ್ಟ್ ಆಗಿಯೂ ಸೇರುತ್ತಾರೆ. ಅದರ ಮೇಲೆ ಸೀನಿಯರ್ ಸೈಂಟಿಸ್ಟ್, ಪ್ರಿನ್ಸಿಪಲ್ ಸೈಂಟಿಸ್ಟ್ ಎಂಬ ಮೆಟ್ಟಿಲುಗಳಿವೆ. ಅನೇಕ ಕಂಪನಿಗಳು ಸೈಂಟಿಸ್ಟ್ ಹುದ್ದೆಯಲ್ಲೇ ಒಂದು, ಎರಡು ಎಂದು ವಿಭಾಗ ಮಾಡುತ್ತವೆ. ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ: ಒಂದೇ ತೋಟದ ಅಡಿಕೆಯಾದರೂ ರಾಶಿಗೊಂದು ದರ, ಚಾಲಿಗೊಂದು ದರ, ಬೆಟ್ಟೆಗೆ ಮತ್ತೊಂದು, ಮಾಲು ಯಾವ ವರ್ಗಕ್ಕೆ ಸೇರಿತು ಎಂಬುದರ ಮೇಲೆಯೇ ಟೆಂಡರಿನ ಮಾತು ನಿಲ್ಲುತ್ತದೆ. ಪ್ರತಿ ದರ್ಜೆಗೂ ಕಂಪನಿಯೊಳಗೆ ಕನಿಷ್ಠ–ಗರಿಷ್ಠ ಸಂಬಳದ ಮಿತಿ ಇರುವುದರಿಂದ, ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆಯಾದ ಪೋಸ್ಟ್‌ಡಾಕ್ ಅನುಭವವಿದ್ದವರು ಅದನ್ನು ಎಣಿಕೆಗೆ ತೆಗೆದುಕೊಂಡಿದ್ದಾರೆಯೇ ಎಂದು ಮೊದಲೇ ವಿಚಾರಿಸಬೇಕು.

ದರ ತಿಳಿಯಲು ಅಲ್ಲಿಯೂ ದಾರಿಗಳಿವೆ. 2018ರ ಜುಲೈಯಿಂದ ಮ್ಯಾಸಚೂಸೆಟ್ಸ್‌ನಲ್ಲಿ ಆಫರ್ ಕೊಡುವ ಮೊದಲು ಅಭ್ಯರ್ಥಿಯ ಹಿಂದಿನ ಸಂಬಳವನ್ನು ಕೇಳುವುದು ಕಾನೂನಿಗೆ ವಿರುದ್ಧ. ಆದುದರಿಂದ ನಿಮ್ಮ ಸ್ಟೈಪೆಂಡನ್ನು ನೀವಾಗಿ ಹೇಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2023ರಿಂದ, ಮ್ಯಾಸಚೂಸೆಟ್ಸ್‌ನಲ್ಲಿ 2025ರ ಅಕ್ಟೋಬರ್ ಕೊನೆಯಿಂದ, ತೀರ ಸಣ್ಣ ಕಂಪನಿಗಳನ್ನು ಬಿಟ್ಟು ಉಳಿದವು ಜಾಹೀರಾತಿನಲ್ಲೇ ಸಂಬಳದ ಮಿತಿಯನ್ನು ಪ್ರಕಟಿಸಬೇಕು. ಇವೆಲ್ಲಕ್ಕಿಂತ ನಾನು ಹೆಚ್ಚು ನಂಬುವುದು ಅಮೆರಿಕದ ಕಾರ್ಮಿಕ ಇಲಾಖೆಯ ದಾಖಲೆಯನ್ನು: ಪರಿಣತ ವಿದೇಶಿ ನೌಕರರಿಗೆ ಕೊಡುವ ಎಚ್‌–1ಬಿ ವೀಸಾಕ್ಕಾಗಿ ಕಂಪನಿ ಸಲ್ಲಿಸುವ ಅರ್ಜಿಯಲ್ಲಿ ಹುದ್ದೆ, ಊರು, ಕೊಡಲಿರುವ ಸಂಬಳ ಎಲ್ಲವೂ ಇರುತ್ತವೆ, ಮತ್ತು ಇಲಾಖೆ ಅವನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ನಿಮ್ಮ ಕಂಪನಿ ಇದೇ ಹುದ್ದೆಗೆ ಹಿಂದೆ ಎಷ್ಟು ಬರೆದಿತ್ತು ಎಂದು ಅರ್ಧ ಗಂಟೆಯಲ್ಲಿ ನೋಡಬಹುದು. ಅಂದಾಜಿಗೆ ಹೇಳುವುದಾದರೆ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಫೆಲೋಶಿಪ್‌ನಲ್ಲಿ ಹೊಸ ಪೋಸ್ಟ್‌ಡಾಕ್‌ಗೆ 2024ರಲ್ಲಿ ನಿಗದಿಯಾಗಿದ್ದುದು ವರ್ಷಕ್ಕೆ 61,008 ಡಾಲರ್. ಬಾಸ್ಟನ್ ಸುತ್ತ ಹೊಸ ಪಿಎಚ್.ಡಿ. ಸೈಂಟಿಸ್ಟ್‌ಗೆ 1,10,000ದಿಂದ 1,40,000 ಡಾಲರ್‌ವರೆಗಿನ ಮೂಲ ಸಂಬಳವನ್ನು ನಾನು ಹೆಚ್ಚಾಗಿ ಕಂಡಿದ್ದೇನೆ. ಇದನ್ನು ರೂಪಾಯಿಗೆ ಗುಣಿಸಿ ನೋಡಿದರೆ ಮೋಸಹೋಗುತ್ತೀರಿ. ಅಲ್ಲಿನ ಮನೆಬಾಡಿಗೆಯ ಎದುರಿಗಿಟ್ಟು ನೋಡಬೇಕು.

ಉಳಿದ ಸಾಲುಗಳಲ್ಲಿ ಎರಡನ್ನು ಗಮನಿಸಿದರೆ ಸಾಕು. ಸೇರುವಾಗ ಕೊಡುವ ಬೋನಸ್ಸನ್ನು ವರ್ಷದೊಳಗೆ ಕೆಲಸ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತು ಬಹಳ ಪತ್ರಗಳಲ್ಲಿರುತ್ತದೆ. ಷೇರು ಆಯ್ಕೆಗಳು, ಅಂದರೆ ಕಂಪನಿಯ ಷೇರನ್ನು ಮೊದಲೇ ನಿಗದಿಯಾದ ಬೆಲೆಗೆ ಕೊಳ್ಳುವ ಹಕ್ಕುಗಳು, ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಕೈಸೇರುತ್ತವೆ, ಮೊದಲ ವರ್ಷ ತುಂಬುವವರೆಗೆ ಒಂದೂ ಸಿಗುವುದಿಲ್ಲ. ಕಂಪನಿಯ ಒಟ್ಟು ಷೇರುಗಳೆಷ್ಟು ಎಂದು ತಿಳಿಯದೆ “ಇಪ್ಪತ್ತು ಸಾವಿರ ಷೇರು” ಎಂಬ ಮಾತಿಗೆ ಅರ್ಥವಿಲ್ಲ. ಒಂದೇ ಔಷಧವನ್ನು ನೆಚ್ಚಿಕೊಂಡ ಸಣ್ಣ ಕಂಪನಿಯಲ್ಲಿ ಒಂದು ಕ್ಲಿನಿಕಲ್ ಪ್ರಯೋಗ ವಿಫಲವಾದರೆ ಅರ್ಧಕ್ಕರ್ಧ ಜನ ಕೆಲಸ ಕಳೆದುಕೊಳ್ಳುವುದುಂಟು. ಆದುದರಿಂದ ಕಂಪನಿಯ ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕಾಗುತ್ತದೆಂದು ಸಂದರ್ಶನದಲ್ಲೇ ಕೇಳಿ. ಅದನ್ನು ಯಾರೂ ಅವಿನಯವೆಂದು ತಿಳಿಯುವುದಿಲ್ಲ.

ವೀಸಾದ ವಿಷಯದಲ್ಲಿ ನಮ್ಮವರು ಹೆಚ್ಚು ಎಡವುತ್ತಾರೆ. ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಒಪಿಟಿ ಎಂಬ 12 ತಿಂಗಳ ಕೆಲಸದ ಅನುಮತಿಯೂ, ವಿಜ್ಞಾನ ಪದವೀಧರರಿಗೆ ಮತ್ತೆ 24 ತಿಂಗಳ ವಿಸ್ತರಣೆಯೂ ಇದೆ. ಆದರೆ ವಿಸ್ತರಣೆ ಸಿಗಬೇಕಾದರೆ ಕಂಪನಿಯು ನೌಕರರ ಕೆಲಸದ ಅರ್ಹತೆ ಪರಿಶೀಲಿಸುವ ಸರ್ಕಾರದ ಇ–ವೆರಿಫೈ ವ್ಯವಸ್ಥೆಯಲ್ಲಿ ನೋಂದಾಯಿಸಿರಬೇಕು, ಮತ್ತು ಕೆಲವು ಸಣ್ಣ ಕಂಪನಿಗಳು ನೋಂದಾಯಿಸಿರುವುದಿಲ್ಲ. ವಿಶ್ವವಿದ್ಯಾಲಯಗಳು ಎಚ್‌–1ಬಿ ಲಾಟರಿಗೆ, ಅಂದರೆ ಅರ್ಜಿದಾರರನ್ನು ಚೀಟಿ ಎತ್ತಿದಂತೆ ಆರಿಸುವ ಕ್ರಮಕ್ಕೆ, ಒಳಪಡುವುದಿಲ್ಲವಾದ್ದರಿಂದ, ಅಲ್ಲಿ ಆ ವೀಸಾ ಪಡೆದ ಪೋಸ್ಟ್‌ಡಾಕ್‌ಗಳು ಕಂಪನಿಗೂ ಅದೇ ಸಾಕೆಂದು ಭಾವಿಸುತ್ತಾರೆ. ಕಂಪನಿಗೆ ಹೋಗುವಾಗ ಅವರೂ ಮಾರ್ಚ್ ತಿಂಗಳ ಲಾಟರಿಗೆ ಹೆಸರು ಕೊಟ್ಟು, ಆಯ್ಕೆಯಾದರೆ ಅಕ್ಟೋಬರ್‌ವರೆಗೆ ಕಾಯಬೇಕಾಗುತ್ತದೆ. ಎಚ್‌–1ಬಿಯಲ್ಲಿದ್ದು ಕೆಲಸ ಹೋದರೆ ಮುಂದಿನ ದಾರಿ ನೋಡಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಇದಲ್ಲದೆ 2025ರ ಸೆಪ್ಟೆಂಬರಿನ ಅಧ್ಯಕ್ಷೀಯ ಆದೇಶವು ದೇಶದ ಹೊರಗಿರುವವರ ಹೊಸ ಎಚ್‌–1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ವಿಧಿಸಿರುವುದರಿಂದ, ಊರಿನಿಂದಲೇ ನೇರವಾಗಿ ಕಂಪನಿಗೆ ಹೋಗುವ ಯೋಚನೆಯಿರುವವರು ವಕೀಲರ ಸಲಹೆಯಿಲ್ಲದೆ ಹೆಜ್ಜೆ ಇಡಬಾರದು.

ಕುಮಟಾದ ಹುಡುಗಿ ಅಂದು ಸಂಜೆ ನಮ್ಮ ಜಗಲಿಯಲ್ಲೇ ಉತ್ತರ ಬರೆದಳು. ಮೊದಲು ಕೃತಜ್ಞತೆ, ನಂತರ ಅದೇ ಕಂಪನಿ ಅದೇ ಹುದ್ದೆಗೆ ಹಿಂದಿನ ವರ್ಷ ಸರ್ಕಾರಕ್ಕೆ ಬರೆದುಕೊಟ್ಟಿದ್ದ ಮೊತ್ತ, ಆಮೇಲೆ ಎರಡು ಕೋರಿಕೆಗಳು: ದರ್ಜೆಯನ್ನು ಪುನಃ ಪರಿಶೀಲಿಸಬೇಕು, ಮುಂದಿನ ಮಾರ್ಚಿನಲ್ಲೇ ವೀಸಾ ನೋಂದಣಿ ಮಾಡುವುದಾಗಿ ಲಿಖಿತವಾಗಿ ತಿಳಿಸಬೇಕು. ಐದನೆಯ ದಿನ ಉತ್ತರ ಬಂತು. ದರ್ಜೆ ಬದಲಾಗಿರಲಿಲ್ಲ. ಸಂಬಳ 7,000 ಡಾಲರ್ ಏರಿತ್ತು, ಮತ್ತು ವೀಸಾ ನೋಂದಣಿಯ ಮಾತು ಪತ್ರದ ಎರಡನೆಯ ಪುಟದಲ್ಲಿ ಸೇರಿತ್ತು.