ಪ್ರಶ್ನೆಗೊಂದು ಟಿಕೆಟ್: ಕೆಲಸ ಮನಿಲಾಕ್ಕೆ ಹೋದ ಮೇಲೂ ನಾವು ಚದುರಲಿಲ್ಲ

ಕೆಲಸ ಹೋದವರನ್ನೂ ಉಳಿದವರನ್ನೂ ಒಂದೆಡೆ ಕೂರಿಸುವುದು ನಡೆಯುವ ಮಾತಲ್ಲ ಎಂದು ಅಂದು ನಕ್ಕವರಲ್ಲಿ ಕೆಲವರು ಈಗ ಶನಿವಾರ ಸಂಜೆ ನನಗಿಂತ ಮೊದಲೇ ಬಂದು ಕುರ್ಚಿ ಹಿಡಿದಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮೆಡಿಕಲ್ ಬಿಲ್ಲಿಂಗ್ ತಂಡ ನಡೆಸುವವರಿಗೆ ಕ್ಲೇಮ್ (ಆಸ್ಪತ್ರೆಯ ಹಣಕ್ಕಾಗಿ ವಿಮಾ ಕಂಪನಿಗೆ ಕಳಿಸುವ ಬಿಲ್), ಡಿನಾಯಲ್ (ಅದನ್ನು ಕಂಪನಿ ತಳ್ಳಿಹಾಕುವುದು) ಎಂದರೇನೆಂದು ನಾನು ವಿವರಿಸಬೇಕಾಗಿಲ್ಲ. ಪ್ರೋಸೆಸ್, ಅಂದರೆ ಗ್ರಾಹಕ ಕಂಪನಿ ನಮಗೆ ಒಪ್ಪಿಸಿದ ಕೆಲಸ, ಕೈಬಿಟ್ಟು ಹೋದ ಮೇಲೆ ಜೊತೆಗಾರರನ್ನು ಹೇಗೆ ಉಳಿಸಿಕೊಳ್ಳಬೇಕೆಂದು ಮಾತ್ರ ಯಾವ ತರಬೇತಿಯಲ್ಲೂ ಹೇಳುವುದಿಲ್ಲ.

ನಮ್ಮದು 2023 ರ ಕಥೆ. ಕಲಬುರಗಿಯಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಬಿಲ್ ನೋಡುತ್ತಿದ್ದ ನಲವತ್ತು ಜನರ ರಾತ್ರಿ ಪಾಳಿ. ಫೋನ್ ಕರೆಯೂ ಕ್ಲೇಮ್ ಕೆಲಸವೂ ಒಂದೇ ಕಡೆ ಇರಬೇಕೆಂದು ಗ್ರಾಹಕ ಕಂಪನಿ ತೀರ್ಮಾನಿಸಿತು. ಕೆಲಸ ಮನಿಲಾಕ್ಕೆ ಹೋಯಿತು. ಅಮೆರಿಕದಲ್ಲಿ ಯಾರದೋ ಕೈಯಿಂದ ಜಾರಿ ನಮಗೆ ಬಂದಿದ್ದ ಕೆಲಸವೇ ಅದು, ಹಾಗಾಗಿ ಶಾಪ ಹಾಕಲೂ ನಮಗೆ ಬಾಯಿ ಇರಲಿಲ್ಲ. ನಾನೂ ಸೇರಿ ಹತ್ತು ಹನ್ನೆರಡು ಜನರಿಗೆ ಬೇರೆ ಪ್ರೋಸೆಸ್ ಸಿಕ್ಕಿತು. ಮಿಕ್ಕವರು ಮನೆಗೆ.

ಹೋಗುವ ಮೊದಲು ಒಂದೂವರೆ ತಿಂಗಳು ಕೆಟಿ, ಅಂದರೆ ನಮ್ಮ ಕೆಲಸವನ್ನು ಮನಿಲಾದವರಿಗೆ ಕಲಿಸಿಕೊಡುವುದು. ಮನಿಲಾ ನಮಗಿಂತ ಎರಡೂವರೆ ಗಂಟೆ ಮುಂದೆ. ನಮಗೆ ನಸುಕಿನ ಮೂರೂವರೆಯಾದರೆ ಅಲ್ಲಿ ಆರು. ಮನೆಯಿಂದಲೇ ಕಲಿಯುತ್ತಿದ್ದ ಹುಡುಗಿಯೊಬ್ಬಳ ಹೆಡ್‌ಸೆಟ್‌ನಲ್ಲಿ ಕೋಳಿ ಕೂಗುತ್ತಿತ್ತು. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಮಾನಿಟರ್ ಕೆಳಗೆ ಚೀಟಿ ಅಂಟಿಸಿಟ್ಟಿದ್ದರು: ‘ಸಿಒ-29 ಬಂದರೆ ಕೈಚೆಲ್ಲಬೇಡಿ, ಕ್ಲಿಯರಿಂಗ್‌ಹೌಸ್ ರಸೀದಿ ಹುಡುಕಿ.’ ಗಡುವು ಮೀರಿದೆ ಎಂಬ ಈ ಸಿಒ-29 ಸಂಕೇತ ಹಾಕಿ ವಿಮಾ ಕಂಪನಿ ತಳ್ಳಿಹಾಕಿದ ಎಷ್ಟೋ ಕ್ಲೇಮ್‌ಗಳನ್ನು, ಕ್ಲೇಮ್ ದಾಟಿಸುವ ಮಧ್ಯವರ್ತಿ ಕೊಟ್ಟ ಆ ಒಂದು ರಸೀದಿಯಿಂದ ಅವರು ಎಬ್ಬಿಸಿ ನಿಲ್ಲಿಸಿದ್ದರು. ಚೀಟಿಯನ್ನು ಓದಿ ಹೇಳಿದಾಗ ಆ ಹುಡುಗಿ, ‘ಇದನ್ನು ಬರೆದವರೊಡನೆ ಮಾತನಾಡಬಹುದೇ?’ ಎಂದಳು. ಅವರನ್ನು ಹಿಂದಿನ ದಿನವಷ್ಟೇ ಬಿಡುಗಡೆ ಮಾಡಿದ್ದರು. ರಜೆಯಲ್ಲಿದ್ದಾರೆ ಎಂದು ಹೇಳಿ ಮುಂದಿನ ಸ್ಕ್ರೀನ್‌ಗೆ ಹೋದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ವಾಟ್ಸ್‌ಆ್ಯಪ್ ಗುಂಪು ಎರಡು ತಿಂಗಳಲ್ಲಿ ಹಬ್ಬದ ಚಿತ್ರಗಳ ಗೋಡೆಯಾಯಿತು. ಕೆಲಸವಿದ್ದವರು ಸಂಬಳದ ಮಾತು ಆಡಿದ ದಿನ ಇಲ್ಲದವರು ಒಬ್ಬೊಬ್ಬರಾಗಿ ಹೊರಬಿದ್ದರು. ಹೋಟೆಲಿನಲ್ಲಿ ಒಂದು ಊಟ ಇಟ್ಟುಕೊಂಡೆವು. ಬಿಲ್ ಆರೋ ಏಳೋ ಸಾವಿರ, ಬಂದವರು ಅರ್ಧ, ಅವರಲ್ಲೂ ಕೆಲಸ ಹೋದವರು ನಾಲ್ಕೈದು ಜನ. ಬಿಲ್ ಬರುವ ಹೊತ್ತಿಗೆ ಅವರ ಕೈ ಜೇಬಿಗೆ ಹೋಗಿ ಅಲ್ಲೇ ನಿಂತದ್ದನ್ನು ನೋಡಿದ ಮೇಲೆ ಇನ್ನೊಂದು ಊಟದ ಮಾತು ಎತ್ತಲಿಲ್ಲ.

ಆಮೇಲೆ ನೆರವಿನ ನಿಧಿ. ಕೆಲಸ ಉಳಿದ ನಾವು ಮೊದಮೊದಲು ತಿಂಗಳಿಗೆ ತಲಾ ಐನೂರು ಹಾಕಿದೆವು. ಅದು ಬೆಳೆಯಿತೇ ಹೊರತು ಕರಗಲಿಲ್ಲ, ಏಕೆಂದರೆ ಯಾರೂ ಮುಟ್ಟಲಿಲ್ಲ. ಒಬ್ಬರ ಮನೆಗೆ ನಾನೇ ಲಕೋಟೆ ಒಯ್ದೆ. ಚಹಾ ಕೊಟ್ಟರು, ಲಕೋಟೆಯನ್ನೂ ವಾಪಸ್ ಕೊಟ್ಟರು. ‘ಸರ್, ನಾನು ನಿಮ್ಮನ್ನು ಕೇಳಿದ್ದೆನೇ?’ ಎಂದರು. ಹಾಗಾದರೆ ಎಲ್ಲರೂ ಸೇರಿ ಚೀಟಿ ನಡೆಸೋಣ ಎಂದು ಯಾರೋ ಹೇಳಿದರು. ನೋಂದಣಿ ಇಲ್ಲದ ಚೀಟಿ ವ್ಯವಹಾರ 1982 ರ ಚಿಟ್ ಫಂಡ್ ಕಾಯ್ದೆಗೆ ವಿರುದ್ಧ, ಬೇಡವೆಂದೆ. ಸ್ನೇಹಕ್ಕೆ ಚೀಟಿಗಿಂತ ದೊಡ್ಡ ಶತ್ರು ನಮ್ಮ ಕಡೆ ಇಲ್ಲವೆಂಬುದು ಬೇರೆ ಮಾತು.

ಕೊನೆಗೆ ಫಲಿಸಿದ್ದು ಇದು. ಆ ನಿಧಿಯಿಂದ ಸಂದರ್ಶನಕ್ಕೆ ಹೋಗುವವರಿಗೆ ರೈಲು ಟಿಕೆಟ್ ಮಾತ್ರ ಕೊಡುವುದು. ಬೆಂಗಳೂರಿಗೆ ಸ್ಲೀಪರ್ ಆಗ ನಾನೂರರ ಆಸುಪಾಸು, ಹೈದರಾಬಾದ್‌ಗೆ ಅದರ ಅರ್ಧ. ಪ್ರತಿಯಾಗಿ ಹೋಗಿಬಂದವರು ಅಲ್ಲಿ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆಯಬೇಕು. ಕೆಲಸ ಸಿಕ್ಕಿದರೂ ಸಿಗದಿದ್ದರೂ ಪ್ರಶ್ನೆ ನಮ್ಮದು. ಲಕೋಟೆ ಮುಟ್ಟದವರು ಟಿಕೆಟ್ ತೆಗೆದುಕೊಂಡರು, ಏಕೆಂದರೆ ಅದು ಕೂಲಿ. ಒಂದು ವರ್ಷಕ್ಕೆ ಇಪ್ಪತ್ತು ಸಾವಿರದ ಒಳಗೇ ಖರ್ಚಾಗಿರಬೇಕು. ಆ ನೋಟುಬುಕ್ಕಿನಂಥದ್ದು ಬೆಂಗಳೂರಿನ ಯಾವ ತರಬೇತಿ ಕೇಂದ್ರದಲ್ಲೂ ಇಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ.

ಹಣ ಇಟ್ಟುಕೊಳ್ಳುವವರು ಕೆಲಸ ಕಳೆದುಕೊಂಡವರೇ ಆಗಿರಬೇಕು. ಇದು ಕಟ್ಟುನಿಟ್ಟು. ನಾವು ಹಾಕುತ್ತೇವೆ, ಅವರು ಲೆಕ್ಕ ಇಡುತ್ತಾರೆ, ನಾವು ಕೇಳುವಂತಿಲ್ಲ. ನಮ್ಮಲ್ಲಿ ಯಾರು ಎಷ್ಟು ಹಾಕಿದರೆಂದು ಪರಸ್ಪರ ತಿಳಿಯದಂತೆ ಹಣ ಸೇರಿಸಲು ಒಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆದರೆ ನಾಳೆಯಿಂದ ನಡೆಯುವುದಿಲ್ಲ.

ಕೂರುವ ಜಾಗ ಸೂಪರ್ ಮಾರ್ಕೆಟ್ ಹತ್ತಿರದ ಝೆರಾಕ್ಸ್ ಅಂಗಡಿ. ನಮ್ಮವರಲ್ಲೊಬ್ಬರ ತಮ್ಮನದು. ಮೊದಲು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆದಿದ್ದೆವು, ನರಪಿಳ್ಳೆ ಬರಲಿಲ್ಲ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದ ದೇಹ, ಕೆಲಸ ಹೋದರೂ ನಸುಕಿನ ನಾಲ್ಕರವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಶನಿವಾರ ಸಂಜೆ ಆರಕ್ಕೆ ಬದಲಿಸಿದೆವು; ಸುಸಲಾ, ಮಿರ್ಚಿ ತರಿಸಿದೆವು. ‘ಹೇಗಿದ್ದೀರಿ’ ಎಂದು ಯಾರೂ ಕೇಳಬಾರದು ಎಂದು ಮೊದಲೇ ಹೇಳಿದ್ದೆ. ಕೈಯಲ್ಲಿ ಕಾಗದವಿದ್ದರೆ ಮಾತು ತಾನಾಗಿ ಬರುತ್ತದೆ.

ಕಾಗದಗಳಿಗೇನೂ ಕೊರತೆ ಇರಲಿಲ್ಲ. ರಾಜೀನಾಮೆ ಬರೆದುಕೊಟ್ಟರೆ ರಿಲೀವಿಂಗ್ ಲೆಟರ್ ಬೇಗ ಬರುತ್ತದೆ ಎಂದು ಮೇಲಿನವರು ಕೆಲವರಿಗೆ ಹೇಳಿದ್ದರು. ಆಗ ಜಾರಿಯಲ್ಲಿದ್ದ 1947 ರ ಕೈಗಾರಿಕಾ ವಿವಾದ ಕಾಯ್ದೆಯ 25-ಎಫ್ ಪ್ರಕಾರ ತೆಗೆದುಹಾಕುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಕೊಡಬೇಕು. ತಾನಾಗಿ ರಾಜೀನಾಮೆ ಬರೆದವರಿಗೆ ಅದಿಲ್ಲ. ಬರೆಯದೆ ಕೂತವರಿಗೆ ಹಣ ಬಂತು. ಪತ್ರವೂ ಬಂತು, ಹೇಗೆ ಬಂತೆಂಬುದು ನನ್ನ ಹೊಟ್ಟೆಯಲ್ಲೇ ಇರಲಿ. ಐದು ವರ್ಷ ದಾಟಿದವರಿಗೆ ಗ್ರಾಚ್ಯುಟಿ. ಪಿಎಫ್‌ನಲ್ಲಿ ತಿಂಗಳಾದ ಮೇಲೆ ಮುಕ್ಕಾಲು ಭಾಗ, ಎರಡು ತಿಂಗಳಿಗೆ ಮಿಕ್ಕದ್ದು, ಆಗಿನ ನಿಯಮದಂತೆ. ಇಪ್ಪತ್ತೊಂದು ಸಾವಿರದೊಳಗೆ ಸಂಬಳವಿದ್ದು ಇಎಸ್‌ಐ ಕಟ್ಟುತ್ತಿದ್ದವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ತೊಂಬತ್ತು ದಿನದವರೆಗೆ ಅರ್ಧ ಕೂಲಿ ಆಗ ಸಿಗುತ್ತಿತ್ತು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಅದನ್ನು ಹುಡುಕಿ ತಂದವರು ಆ ಸಿಒ-29 ಚೀಟಿಯ ಹಿರಿಯರೇ. ಗಡುವು, ರಸೀದಿ ಎಂದರೆ ಅವರಿಗೆ ಮೈಯೆಲ್ಲ ಕಣ್ಣು.

ನಡುವೆ ರೊಟ್ಟಿಯ ಹುಚ್ಚೂ ಹಿಡಿಯಿತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಕಳಿಸುವುದು. ರೊಟ್ಟಿ ಕೆಡುವುದಿಲ್ಲ ನಿಜ, ಆದರೆ ಒಡೆಯುತ್ತದೆ. ಡಬ್ಬ ಬದಲಿಸಿದೆವು, ನಡುವೆ ಕಾಗದ ಹಾಸಿದೆವು, ತೆಳುವಾಗಿ ಬಡಿಯುವುದನ್ನು ಬಿಟ್ಟು ದಪ್ಪ ಮಾಡಿಸಿದೆವು. ದಪ್ಪ ರೊಟ್ಟಿ ಯಾರಿಗೂ ಬೇಡ. ನಾಲ್ಕೈದು ಸಾವಿರ ಕೈಬಿಟ್ಟಿತು. ಹಿಂಡಿ ಮಾತ್ರ ಖರ್ಚಾಯಿತು, ಒಬ್ಬ ಅಕ್ಕ ಅದನ್ನು ಈಗಲೂ ಮಾಡಿ ಕಳಿಸುತ್ತಾರೆ.

ಲೆಕ್ಕ ಹೇಳುವುದಾದರೆ, ಹೋದವರಲ್ಲಿ ಇಪ್ಪತ್ತರಷ್ಟು ಜನ ಮತ್ತೆ ದುಡಿಯುತ್ತಿದ್ದಾರೆ. ಅರ್ಧ ಹೈದರಾಬಾದ್, ಬೆಂಗಳೂರಿನಲ್ಲಿ. ನಾಲ್ಕೈದು ಜನ ಇಲ್ಲಿಯ ಆಸ್ಪತ್ರೆಗಳ ವಿಮೆ ವಿಭಾಗದಲ್ಲಿ. ಸಂಬಳ ಕಡಿಮೆ, ರಾತ್ರಿ ನಿದ್ದೆ ಇದೆ. ಇಬ್ಬರು 371-ಜೆ ಪ್ರಮಾಣಪತ್ರ (ಸರ್ಕಾರಿ ನೌಕರಿಯಲ್ಲಿ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಯ ಕಾಗದ) ಮಾಡಿಸಿಕೊಂಡು ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಾರೆ. ಆ ಪ್ರಮಾಣಪತ್ರಕ್ಕೆ ಓಡಾಡುವವರು ಗಮನಿಸಿ: ಏಪ್ರಿಲ್, ಮೇನಲ್ಲಿ ನಮ್ಮ ಕಡೆಯ ರಾಜ್ಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ರಾತ್ರಿ ಪಾಳಿಯ ಜನ ಎದ್ದು ಹೋಗುವಷ್ಟರಲ್ಲಿ ಬೀಗ ಬಿದ್ದಿರುತ್ತದೆ.

ಈಗ ನಾನಿರುವ ಪ್ರೋಸೆಸ್ ಕೂಡ ಹೋಗಬಹುದೆಂಬ ಸುದ್ದಿ ಇದೆ. ಈ ಸಲ ನೋಟಿಸಿಗೆ ಕಾಯಲಿಲ್ಲ. ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್ ಎಲ್ಲದರ ನಕಲು ತೆಗೆಸಿ ಫೈಲು ಕಟ್ಟಿದ್ದೇವೆ. ಒಬ್ಬರಿಗೆ ಎಪ್ಪತ್ತೋ ಎಂಬತ್ತೋ ರೂಪಾಯಿ ಬಿತ್ತು. ಅಂಗಡಿಯ ತಮ್ಮ ನಮಗೂ ಪೂರ್ತಿ ದರವೇ ಹಾಕಿದ.